ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ನಮ್ಮ ಮಂಗಳೂರು ಸಮತಟ್ಟಾದ ಊರಲ್ಲ. ಕದ್ರಿ, ಬಲ್ಮಠ, ಬಾವುಟಗುಡ್ಡೆಗಳ ಮುರಕಲ್ಲಿನ ದಿಣ್ಣೆಗಳ ಮೇಲೆ ಒಂದು ಪಟ್ಟಣ. ಬಂದರು, ಪಾಂಡೇಶ್ವರ, ಬೋಳಾರಗಳ ತಗ್ಗಿನಲ್ಲಿ ಮತ್ತೊಂದು ಪಟ್ಟಣ. ಇವೆರಡರ ನಡುವೆ ಸೈಕಲ್ ತುಳಿಯುವವನಿಗೆ ಏರುವಾಗ ಕಾಲು ಸೋಲುತ್ತದೆ, ಇಳಿಯುವಾಗ ಕೈ ಸೋಲುತ್ತದೆ. ಕಾಲಿನ ಆಯಾಸವನ್ನು ಎಲ್ಲರೂ ಬಲ್ಲರು. ಕೈಯ ಆಯಾಸವನ್ನು ಹೇಳಿಕೊಳ್ಳುವವರು ಕಡಿಮೆ. ಅರ್ಧ ಗಂಟೆ ಸೈಕಲ್ ತುಳಿದು ಬಂದು ತರಗತಿಯಲ್ಲಿ ಲೇಖನಿ ಹಿಡಿದ ವಿದ್ಯಾರ್ಥಿಗೆ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿದು, ತನ್ನವೇ ಅಲ್ಲವೆಂಬಂತೆ ತೋರುವುದುಂಟು. ಇದನ್ನು ಹೇಳಿಕೊಂಡರೆ ಗೆಳೆಯರು ನಕ್ಕಾರೆಂದು ಆತನು ಕೈಯನ್ನು ಕೊಡವಿಕೊಂಡು ಸುಮ್ಮನಾಗುತ್ತಾನೆ.

ಇಂತಹ ಸಣ್ಣ ನೋವನ್ನು ಸಣ್ಣದೆಂದು ತಳ್ಳಿಹಾಕದೆ, ಅದರ ಕಾರಣವೇನೆಂದು ಯೋಚಿಸಿದ ಒಬ್ಬ ಮನುಷ್ಯನಿದ್ದನು. ಆತನು ಯಂತ್ರಶಾಸ್ತ್ರವನ್ನು ಓದಿದವನಲ್ಲ, ಕಾರ್ಖಾನೆಯ ಒಡೆಯನೂ ಅಲ್ಲ; ಕುದುರೆ ದನಗಳಿಗೆ ಚಿಕಿತ್ಸೆ ಮಾಡುವ ವೈದ್ಯನಾಗಿದ್ದನು. ಆತನ ಹೆಸರು ಜಾನ್ ಬಾಯ್ಡ್ ಡನ್ಲಪ್. ಟಯರುಗಳ ಮೇಲೆ ಅಚ್ಚಾದ ಆ ಹೆಸರನ್ನು ಕಾಣದವರು ವಿರಳ. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರೂ ವಿರಳ.

ಡನ್ಲಪ್ಪನು ೧೮೪೦ನೆಯ ಇಸವಿ ಫೆಬ್ರವರಿ ೫ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಒಂದು ಬೇಸಾಯಗಾರರ ಕುಟುಂಬದಲ್ಲಿ ಹುಟ್ಟಿದನು. ದಿನ ತುಂಬುವುದಕ್ಕೆ ಮೊದಲೇ ಹುಟ್ಟಿದ ಮಗುವೆಂದು ಮನೆಯವರು ಹೇಳುತ್ತಿದ್ದುದರಿಂದ, ತನ್ನ ದೇಹ ಬಲು ನಾಜೂಕಾದುದೆಂಬ ಭಾವನೆ ಆತನಲ್ಲಿ ಬೇರೂರಿತು. ಜೀವಮಾನವಿಡೀ ಆತನು ಮೈಯನ್ನು ಜೋಪಾನವಾಗಿ ಕಾಪಾಡಿಕೊಂಡನು. ತನ್ನ ಮೈಯ ಬಗ್ಗೆ ಇಷ್ಟು ಎಚ್ಚರವುಳ್ಳವನು ಇನ್ನೊಬ್ಬರ ಮೈಗೆ ತಗಲುವ ಕುಲುಕನ್ನು ಗಮನಿಸಿದುದರಲ್ಲಿ ಆಶ್ಚರ್ಯವಿಲ್ಲ. ಎಡಿನ್‌ಬರೊ ನಗರದಲ್ಲಿ ಪಶುವೈದ್ಯವನ್ನು ಕಲಿತು, ಕೆಲವು ವರ್ಷ ಸ್ವದೇಶದಲ್ಲಿಯೇ ಕೆಲಸ ಮಾಡಿ, ೧೮೬೭ರಲ್ಲಿ ಐರ್ಲೆಂಡಿಗೆ ಹೋದನು. ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ ಸಹೋದರನೊಡನೆ ಚಿಕಿತ್ಸಾಲಯವನ್ನು ನಡೆಸಿ, ತರುವಾಯ ಬೆಲ್‌ಫಾಸ್ಟ್ ನಗರದ ಮೇ ಬೀದಿಯಲ್ಲಿ ನೆಲಸಿದನು. ೧೮೭೧ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬವಳನ್ನು ಮದುವೆಯಾದನು. ಅವರಿಗೆ ಒಬ್ಬ ಮಗಳು, ಒಬ್ಬ ಮಗ. ೧೮೮೦ರ ದಶಕದ ನಡುವಿನ ಹೊತ್ತಿಗೆ ಆತನ ಚಿಕಿತ್ಸಾಲಯವು ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದಾಗಿದ್ದಿತು. ಉದ್ದನೆಯ ಗಡ್ಡದ, ಮಿತಭಾಷಿಯಾದ ಈ ವೈದ್ಯನು ಅಲ್ಲಿಗೇ ನಿಂತಿದ್ದರೂ ಅದು ಒಂದು ಗೌರವದ ಬಾಳೇ ಆಗುತ್ತಿದ್ದಿತು.

ಆದರೆ ಆತನ ಮಗ ಜಾನಿಗೆ ಮೂರು ಗಾಲಿಯ ಒಂದು ಸೈಕಲ್ಲಿದ್ದಿತು. ಬೆಲ್‌ಫಾಸ್ಟಿನ ಬೀದಿಗಳಿಗೆ ಗಟ್ಟಿಯಾದ ಕಗ್ಗಲ್ಲಿನ ತುಂಡುಗಳನ್ನು ಹಾಸಿದ್ದರು. ನಡುವೆ ಟ್ರಾಮಿನ ಕಂಬಿಗಳು. ಸೈಕಲ್ಲಿನ ಗಾಲಿಗಳಿಗೆ ಇದ್ದುದು ಗಟ್ಟಿ ರಬ್ಬರಿನ ಕಿರಿದಾದ ಪಟ್ಟಿ. ಕಲ್ಲಿನಿಂದ ಕಲ್ಲಿಗೆ ಗಾಲಿ ಜಿಗಿದಾಗ ಆ ಪೆಟ್ಟು ಕಬ್ಬಿಣದ ಚೌಕಟ್ಟನ್ನು ಹಾದು ನೇರವಾಗಿ ಹ್ಯಾಂಡಲ್ ಹಿಡಿದ ಅಂಗೈಗೂ ಸೀಟಿನ ಮೇಲಿನ ಬೆನ್ನಿಗೂ ಬಡಿಯುತ್ತಿತ್ತು. ಆ ಕಾಲದ ಸವಾರರಿಗೆ ಇದು ಹೊಸದಲ್ಲ. ೧೮೬೦ರ ದಶಕದಲ್ಲಿ ಫ್ರಾನ್ಸಿನಿಂದ ಬಂದ, ಕಬ್ಬಿಣದ ಪಟ್ಟಿಯ ಗಾಲಿಗಳ ಸೈಕಲ್ಲಿಗೆ ಇಂಗ್ಲೆಂಡಿನ ಜನರು ಎಲುಬು ಕುಲುಕುವ ಬಂಡಿ ಎಂಬರ್ಥದ ಅಡ್ಡಹೆಸರನ್ನೇ ಇಟ್ಟಿದ್ದರು. ಆಮೇಲೆ ಬಂದ ಎತ್ತರ ಗಾಲಿಯ ಸೈಕಲ್ಲು ಸಣ್ಣ ಹೊಂಡಗಳನ್ನು ದಾಟಿಕೊಂಡು ಹೋಗುತ್ತಿತ್ತಾದರೂ, ಮುಗ್ಗರಿಸಿದರೆ ಸವಾರನು ತಲೆಕೆಳಗಾಗಿ ಬೀಳುತ್ತಿದ್ದನು. ೧೮೮೫ರಲ್ಲಿ ಸ್ಟಾರ್ಲಿ ಎಂಬವನು ನಿರ್ಮಿಸಿದ, ಎರಡೂ ಗಾಲಿಗಳು ಹೆಚ್ಚು ಕಡಿಮೆ ಸಮನಾಗಿದ್ದ ತಗ್ಗು ಸೈಕಲ್ಲು ಬೀಳುವ ಭಯವನ್ನು ಕಳೆಯಿತು. ಆದರೆ ಗಾಲಿ ಚಿಕ್ಕದಾದಂತೆ ಪ್ರತಿಯೊಂದು ಹೊಂಡವೂ ದೊಡ್ಡದಾಯಿತು. ಹೀಗೆ ತಲೆ ಉಳಿದು ಕೈ ಕೆಟ್ಟಿತು. ಇದು ಸೈಕಲ್ಲಿನ ಸ್ವಭಾವ, ತಾಳಿಕೊಳ್ಳುವುದೇ ಶೌರ್ಯ ಎಂದು ಜನರು ಭಾವಿಸಿದ್ದರು.

ಡನ್ಲಪ್ಪನು ಹಾಗೆ ಭಾವಿಸಲಿಲ್ಲ. ರೋಗಿ ಪ್ರಾಣಿಗಳನ್ನು ನೋಡಲು ಊರೂರು ತಿರುಗುವವನಿಗೆ ದಾರಿಯ ಕುಲುಕಾಟ ಅಪರಿಚಿತವಲ್ಲ. ರಬ್ಬರಿನಿಂದ ಸಾಧನಗಳನ್ನು ಮಾಡಿಕೊಳ್ಳುವ ಕೈಗೆಲಸವೂ ಆತನಿಗೆ ತಿಳಿದಿದ್ದಿತು. ೧೮೮೭ರ ಅಕ್ಟೋಬರ್ ತಿಂಗಳಲ್ಲಿ ಆತನು ತನ್ನ ಅಂಗಳದಲ್ಲಿಯೇ ಒಂದು ಪರೀಕ್ಷೆಯನ್ನು ನಡೆಸಿದನು. ಸುಮಾರು ಒಂದು ಮೀಟರ್ ಅಗಲದ ಮರದ ಚಕ್ರವೊಂದನ್ನು ತೆಗೆದುಕೊಂಡು, ತೆಳುವಾದ ರಬ್ಬರಿನ ಹಾಳೆಗಳನ್ನು ಅಂಟಿಸಿ ಕೊಳವೆ ಮಾಡಿ, ಅದನ್ನು ಚಕ್ರದ ಸುತ್ತಲೂ ಬಟ್ಟೆಯಿಂದ ಬಿಗಿದು, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದನು. ಬಳಿಕ ಮಗನ ಸೈಕಲ್ಲಿನ ಒಂದು ಗಾಲಿಯನ್ನು ಬಿಚ್ಚಿ, ಎರಡನ್ನೂ ಅಂಗಳದಲ್ಲಿ ಉರುಳಿಸಿ ಬಿಟ್ಟನು. ಸೈಕಲ್ಲಿನ ಗಾಲಿಯು ಸ್ವಲ್ಪ ದೂರ ಹೋಗಿ ಮಲಗಿತು. ಗಾಳಿಯ ಗಾಲಿಯೋ ಅಂಗಳದ ಉದ್ದಕ್ಕೂ ಓಡಿ, ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಆ ಪುಟಿತದಲ್ಲಿದ್ದ ಪಾಠವನ್ನು ನಾವು ಸ್ವಲ್ಪ ನಿಂತು ತಿಳಿಯಬೇಕು. ಗಟ್ಟಿ ಗಾಲಿಯು ಒಂದು ಕಲ್ಲಿಗೆ ಬಡಿದಾಗ ಕಲ್ಲು ಬಗ್ಗುವುದಿಲ್ಲ, ಗಾಲಿಯೂ ಬಗ್ಗುವುದಿಲ್ಲ. ಆದುದರಿಂದ ಗಾಲಿ, ಸೈಕಲ್, ಸವಾರ ಎಲ್ಲರೂ ಮೇಲಕ್ಕೆ ಹಾರಲೇಬೇಕು. ಮುಂದಕ್ಕೆ ಹೋಗಬೇಕಾಗಿದ್ದ ಶಕ್ತಿಯ ಒಂದು ಪಾಲು ಹೀಗೆ ಮೇಲಕ್ಕೆ ಎತ್ತುವುದರಲ್ಲಿ, ಮೈಯನ್ನು ನಡುಗಿಸುವುದರಲ್ಲಿ ವ್ಯರ್ಥವಾಗುತ್ತದೆ. ಗಾಳಿ ತುಂಬಿದ ಗಾಲಿಯು ಆ ಕಲ್ಲನ್ನು ತನ್ನೊಳಗೆ ಅಷ್ಟು ತಗ್ಗಿಸಿಕೊಂಡು, ದಾಟಿದ ಕೂಡಲೇ ಮತ್ತೆ ಉಬ್ಬಿಕೊಂಡು ಆ ಶಕ್ತಿಯ ಬಹುಭಾಗವನ್ನು ಹಿಂದಕ್ಕೆ ಕೊಡುತ್ತದೆ. ಕೈಗೆ ಹಿತವಾದುದೇ ವೇಗಕ್ಕೂ ಹಿತವಾಯಿತು. ಮೈಗೆ ಸುಖವಿದ್ದರೆ ಕೆಲಸ ಹಿಂದೆ ಬೀಳುತ್ತದೆಂದು ನಂಬುವವರಿಗೆ ಡನ್ಲಪ್ಪನ ಅಂಗಳವು ಕೊಟ್ಟ ಉತ್ತರವಿದು.

ಮಗನ ಸೈಕಲ್ಲಿನ ಹಿಂದಿನ ಎರಡು ಗಾಲಿಗಳಿಗೆ ಗಾಳಿಯ ಪಟ್ಟಿಗಳನ್ನು ತೊಡಿಸಿ, ತೃಪ್ತನಾಗಿ, ಡನ್ಲಪ್ಪನು ೧೮೮೮ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಅದೇ ವರ್ಷದ ಡಿಸೆಂಬರ್ ೭ರಂದು ಅದು ದೊರೆಯಿತು. ಮರುವರ್ಷ, ೧೮೮೯ರ ಮೇ ೧೮ರಂದು, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರನು ಗಾಳಿ ಟಯರಿನ ಸೈಕಲ್ಲನ್ನು ಏರಿ ಬಂದನು. ಆ ದಪ್ಪ ಗಾಲಿಗಳನ್ನು ಕಂಡು ಜನರು ನಕ್ಕರು. ಹ್ಯೂಮನು ತಾನು ಇಳಿದ ನಾಲ್ಕು ಪಂದ್ಯಗಳನ್ನೂ ಗೆದ್ದನು, ನಗು ನಿಂತಿತು. ಒಂದು ಕಾಲೇಜಿನ ಮೈದಾನದಲ್ಲಿ, ವಿದ್ಯಾರ್ಥಿಗಳ ಎದುರಿನಲ್ಲಿ ಗಾಳಿ ಟಯರಿಗೆ ಮೊದಲ ಕೀರ್ತಿ ಬಂದಿತೆಂಬುದು ಕಾಲೇಜಿನ ಪತ್ರಿಕೆಯೊಂದರಲ್ಲಿ ನೆನೆಯತಕ್ಕ ಮಾತು.

ಸೋತ ಸವಾರರ ತಂದೆ ಹಾರ್ವಿ ಡು ಕ್ರೊ ಎಂಬ ವರ್ತಕನು ಬುದ್ಧಿವಂತನಾಗಿದ್ದನು. ತನ್ನ ಮಕ್ಕಳನ್ನು ಸೋಲಿಸಿದ ಟಯರಿನ ಮೇಲೆ ಮುನಿಯದೆ, ಅದನ್ನು ತಯಾರಿಸಲು ಡಬ್ಲಿನ್ನಿನಲ್ಲಿ ಒಂದು ಕಂಪೆನಿಯನ್ನು ಕಟ್ಟಿದನು. ಡನ್ಲಪ್ಪನು ತನ್ನ ಹಕ್ಕುಪತ್ರವನ್ನು ವಹಿಸಿಕೊಟ್ಟು ಅದಕ್ಕೆ ಪ್ರತಿಯಾಗಿ ಪಾಲುಗಳನ್ನು ಪಡೆದನು. ಆದರೆ ಎರಡು ವರ್ಷಗಳೊಳಗೆ ಅನಿರೀಕ್ಷಿತವಾದ ಸುದ್ದಿಯೊಂದು ಬಂದಿತು. ಆತನ ಹಕ್ಕುಪತ್ರವು ಊರ್ಜಿತವಲ್ಲ. ಏಕೆಂದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು ೧೮೪೫ರಲ್ಲಿಯೇ, ತನ್ನ ೨೩ನೆಯ ವಯಸ್ಸಿನಲ್ಲಿ, ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದಿದ್ದನು. ರಬ್ಬರಿನ ಕೊಳವೆಗೆ ತೊಗಲಿನ ಹೊದಿಕೆ ಹಾಕಿ ಕುದುರೆಗಾಡಿಗಳಿಗೆ ತೊಡಿಸಿ, ೧೮೪೭ರಲ್ಲಿ ಲಂಡನ್ನಿನ ಉದ್ಯಾನದಲ್ಲಿ ಓಡಿಸಿಯೂ ತೋರಿಸಿದ್ದನು. ಆಗ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಒಳ್ಳೆಯ ರಬ್ಬರು ದುಬಾರಿ. ಊರು ಅದನ್ನು ಮರೆಯಿತು. ಥಾಮ್ಸನ್ನನು ೧೮೭೩ರಲ್ಲಿ ತೀರಿಕೊಂಡನು. ಡನ್ಲಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಒಂದೇ ಯೋಚನೆ ಇಬ್ಬರಿಗೆ ಬರಬಹುದು. ಅದನ್ನು ಬಳಸಿಕೊಳ್ಳುವ ಕಾಲ ಯಾರ ಬದುಕಿನಲ್ಲಿ ಬರುತ್ತದೋ ಅವನ ಹೆಸರು ಉಳಿಯುತ್ತದೆ. ಥಾಮ್ಸನ್ನನ ಹೆಸರನ್ನೂ ಜೊತೆಯಲ್ಲಿ ಹೇಳುವುದು ನ್ಯಾಯ.

ಹಕ್ಕುಪತ್ರ ಹೋದರೂ ಕಂಪೆನಿ ಉಳಿಯಿತು. ಟಯರನ್ನು ಗಾಲಿಗೆ ಅಂಟಿಸದೆ, ಬೇಕೆಂದಾಗ ಬಿಚ್ಚಿ ತೊಡಿಸುವಂತೆ ಮಾಡಿದ ವೆಲ್ಚ್, ಬಾರ್ಟ್ಲೆಟ್ ಎಂಬವರ ಹಕ್ಕುಪತ್ರಗಳನ್ನು ಅದು ಕೊಂಡಿತು. ಡನ್ಲಪ್ಪನು ಮಾತ್ರ ವ್ಯಾಪಾರದ ಗದ್ದಲಕ್ಕೆ ಒಗ್ಗಲಿಲ್ಲ. ೧೮೯೫ರಲ್ಲಿ ಆತನು ಕಂಪೆನಿಯಿಂದ ಹೊರಬಂದು, ತನ್ನ ಪಾಲುಗಳಲ್ಲಿ ಹೆಚ್ಚಿನವನ್ನು ಮಾರಿಬಿಟ್ಟನು. ಮರುವರ್ಷವೇ ಆ ಕಂಪೆನಿ ೩೦ ಲಕ್ಷ ಪೌಂಡಿಗೆ ಕೈ ಬದಲಾಯಿಸಿ, ಡನ್ಲಪ್ಪನ ಹೆಸರನ್ನೇ ಇಟ್ಟುಕೊಂಡಿತು. ಹೆಸರು ಕಂಪೆನಿಗೆ ಹೋಯಿತು. ಹಣ ಬೇರೆಯವರಿಗೆ ಹೋಯಿತು. ಆತನು ಡಬ್ಲಿನ್ನಿನಲ್ಲಿ ಬಟ್ಟೆಯಂಗಡಿಯೊಂದರಲ್ಲಿ ಪಾಲು ಇಟ್ಟುಕೊಂಡು ಶಾಂತವಾಗಿ ಬಾಳಿದನು. ನಾಜೂಕಿನ ದೇಹವೆಂದು ಭಯಪಡುತ್ತಿದ್ದವನಿಗೆ ಎಂಬತ್ತೊಂದು ವರ್ಷಗಳ ಆಯುಷ್ಯ ದೊರೆಯಿತು. ೧೯೨೧ರ ಅಕ್ಟೋಬರ್ ೨೩ರಂದು, ಶೀತ ತಗಲಿದ್ದೇ ನೆಪವಾಗಿ, ಆತನು ತೀರಿಕೊಂಡನು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಕಿವಿಗೆ ಹಿತವಾಗಿದ್ದೀತು, ಪೂರ್ತಿ ಸತ್ಯವಾಗದು. ಗಾಳಿ ಟಯರು ಬಂದುದರಿಂದ ಲೋಕಕ್ಕೆಲ್ಲ ರಬ್ಬರಿನ ಹಸಿವು ಹತ್ತಿತು. ಆಗ ರಬ್ಬರಿನ ತೋಟಗಳು ಇನ್ನೂ ಬೆಳೆದಿರಲಿಲ್ಲ. ಕಾಡಿನ ಬಳ್ಳಿಗಳಿಂದಲೂ ಮರಗಳಿಂದಲೂ ಹಾಲನ್ನು ಇಳಿಸಬೇಕಾಗಿದ್ದಿತು. ಆಫ್ರಿಕದ ಕಾಂಗೋ ಸೀಮೆಯು ೧೮೮೫ರಿಂದ ೧೯೦೮ರ ವರೆಗೆ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಸೊತ್ತಾಗಿದ್ದಿತು. ಗೊತ್ತುಪಡಿಸಿದಷ್ಟು ರಬ್ಬರು ತಾರದ ಹಳ್ಳಿಗಳ ಮೇಲೆ ಆತನ ಸಿಪಾಯಿಗಳು ಎರಗಿದರು. ಕೊಟ್ಟ ಗುಂಡುಗಳನ್ನು ವ್ಯರ್ಥ ಮಾಡಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಅವರು ಕಡಿದ ಬಲಗೈಗಳನ್ನು ಒಪ್ಪಿಸಬೇಕಾಗಿದ್ದಿತು. ಲೆಕ್ಕ ತುಂಬಿಸಲು ಬದುಕಿದ್ದವರ ಕೈಗಳನ್ನೂ ಕಡಿದುದುಂಟು. ಐರ್ಲೆಂಡಿನಲ್ಲೇ ಹುಟ್ಟಿದ ರೋಜರ್ ಕೇಸ್‌ಮೆಂಟ್ ಎಂಬ ಅಧಿಕಾರಿಯ ವರದಿಯು ೧೯೦೪ರಲ್ಲಿ ಪ್ರಕಟವಾದಾಗ ಈ ಕ್ರೌರ್ಯ ಲೋಕಕ್ಕೆ ತಿಳಿಯಿತು. ಒಂದು ಖಂಡದ ಸವಾರನ ಅಂಗೈ ಮೆತ್ತಗಾಗಲು ಇನ್ನೊಂದು ಖಂಡದ ಕೂಲಿಯವನ ಕೈ ಹೋಯಿತು. ಇದರಲ್ಲಿ ಡನ್ಲಪ್ಪನ ಅಪರಾಧವಿಲ್ಲ. ಮಗನಿಗಾಗಿ ರಬ್ಬರನ್ನು ಅಂಟಿಸುತ್ತಿದ್ದ ತಂದೆಗೆ ಕಾಂಗೋ ಕಾಣುವಂತಿರಲಿಲ್ಲ. ಆದರೆ ಕಂಡಮೇಲೂ ಮರೆಯುವುದು ನಮ್ಮ ತಪ್ಪಾದೀತು.

ರಬ್ಬರು ಇಂದು ನಮಗೆ ದೂರದ ವಸ್ತುವಲ್ಲ. ನಮ್ಮ ಜಿಲ್ಲೆಯ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಗುಡ್ಡಗಳಲ್ಲಿ ಅದರ ತೋಟಗಳಿವೆ. ೧೯೬೪ರ ಭಾರತ-ಸಿಲೋನ್ ಒಪ್ಪಂದದ ತರುವಾಯ ಮರಳಿ ಬಂದ ತಮಿಳು ಕುಟುಂಬಗಳಲ್ಲಿ ಅನೇಕರಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿಯೇ ಕೆಲಸ ದೊರೆಯಿತು. ನಸುಕಿನಲ್ಲಿ ಎದ್ದು, ತೊಗಟೆಯನ್ನು ಹದವಾಗಿ ಕೆತ್ತಿ, ಚಿಪ್ಪಿನಲ್ಲಿ ಹಾಲನ್ನು ಹಿಡಿಯುವ ಆ ಕೈಗಳಿಗೂ ನಮ್ಮ ಹ್ಯಾಂಡಲಿನ ಮೇಲಿನ ಕೈಗಳಿಗೂ ಸಂಬಂಧವಿದೆ.

ಇನ್ನು ನಮ್ಮ ಜೋಮಿನ ವಿಷಯ. ಡನ್ಲಪ್ಪನು ನೆಲದ ಪೆಟ್ಟನ್ನು ತಗ್ಗಿಸಿದನು. ಮೈಯ ಭಾರವನ್ನು ತಗ್ಗಿಸುವುದು ಆತನ ಕೈಯಲ್ಲಿರಲಿಲ್ಲ. ಗಾಳಿ ಟಯರು ಬಳಕೆಗೆ ಬಂದ ಮೇಲೆಯೂ, ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೇ, ಸೈಕಲ್ ಸವಾರರ ಬೆರಳುಗಳು ಮರಗಟ್ಟುವುದನ್ನು ಫ್ರಾನ್ಸಿನಲ್ಲಿ ವೈದ್ಯರು ದಾಖಲಿಸಿದ್ದರು. ಮೊಣಕೈಯ ಗಂಟಿಗೆ ಏನಾದರೂ ತಗಲಿದಾಗ ಝುಮ್ಮೆನ್ನುವ ನರವೊಂದಿದೆಯಷ್ಟೆ. ಅದೇ ನರವು ಕೆಳಗಿಳಿದು, ಅಂಗೈಯ ಬುಡದಲ್ಲಿ ಕಿರುಬೆರಳಿನ ಪಕ್ಕಕ್ಕೆ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದು, ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಹೋಗುತ್ತದೆ. ಹ್ಯಾಂಡಲ್ ಒತ್ತುವುದು ಸರಿಯಾಗಿ ಅಲ್ಲಿಯೇ. ಹೆಬ್ಬೆರಳಿನಿಂದ ನಡುಬೆರಳಿನ ವರೆಗಿನ ಬೆರಳುಗಳಿಗೆ ಹೋಗುವ ಇನ್ನೊಂದು ನರವು ಮಣಿಕಟ್ಟಿನ ನಡುವೆ ಹಾಯುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಭಾರ ಹಾಕಿದರೆ ಅದಕ್ಕೂ ಒತ್ತಡ. ಯಾವ ಬೆರಳಿಗೆ ಜೋಮು ಹಿಡಿದಿತೆಂದು ನೋಡಿದರೆ ಒತ್ತಡ ಎಲ್ಲಿಯದೆಂದು ಸುಮಾರಾಗಿ ತಿಳಿಯುತ್ತದೆ.

ಪರಿಹಾರಗಳು ಸುಲಭವಾದವು, ಹಣದ ಖರ್ಚೂ ಹೆಚ್ಚಿಲ್ಲ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಯು ಮುಂದಕ್ಕೆ ಜಾರಿ ಕೈಗಳ ಮೇಲೆ ನಿಲ್ಲುತ್ತದೆ. ಸೀಟನ್ನು ಸಮತಟ್ಟು ಮಾಡಬೇಕು. ಹ್ಯಾಂಡಲ್ ತೀರ ತಗ್ಗಾಗಿ ಅಥವಾ ದೂರವಾಗಿದ್ದರೆ ಎತ್ತಿ ಹತ್ತಿರ ತರಿಸಬೇಕು. ೨೦೦೬-೦೭ರಿಂದ ಹಲವು ವರ್ಷ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಟ್ಟಿತು. ಅಂತಹ ಸೈಕಲ್ಲನ್ನೇ ಕಾಲೇಜಿನ ವರೆಗೆ ತುಳಿದವರು ಎಷ್ಟೋ ಮಂದಿ. ಹುಡುಗ ಬೆಳೆಯುತ್ತಾನೆ, ಸೈಕಲ್ಲು ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಸೀಟು, ಹ್ಯಾಂಡಲುಗಳ ಎತ್ತರವನ್ನು ನೋಡಿಕೊಳ್ಳಬೇಕು. ಮೊಣಕೈಗಳನ್ನು ತುಸು ಬಾಗಿಸಿ, ಮಣಿಕಟ್ಟನ್ನು ನೇರವಾಗಿಟ್ಟು, ಹಿಡಿತವನ್ನು ಸಡಿಲವಾಗಿಡಬೇಕು. ಕೆಲವು ನಿಮಿಷಗಳಿಗೊಮ್ಮೆ ಕೈಯ ಜಾಗವನ್ನು ಬದಲಾಯಿಸಬೇಕು. ಟಯರನ್ನು ಕಲ್ಲಿನಂತೆ ಉಬ್ಬಿಸುವವನು ಡನ್ಲಪ್ಪನು ಕೊಟ್ಟುದನ್ನು ಆತನಿಗೇ ಹಿಂದಿರುಗಿಸಿದಂತೆ. ತೀರ ಸಡಿಲ ಬಿಟ್ಟರೆ ರಿಮ್ಮು ಬಡಿದು ಟ್ಯೂಬು ಹರಿದೀತು. ಟಯರಿನ ಪಕ್ಕದಲ್ಲಿ ಅಚ್ಚಾದ ಮಿತಿಯೊಳಗೆ ಮಧ್ಯಮಾರ್ಗವೇ ಲೇಸು.

ನಮ್ಮ ಊರಿಗೆ ಇನ್ನೆರಡು ಮಾತು ಸೇರಿಸಬೇಕು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗ ಮೈಯ ಭಾರವೂ ಬ್ರೇಕಿನ ಬಿಗಿತವೂ ಒಟ್ಟಿಗೆ ಕೈಗೆ ಬರುತ್ತವೆ. ಇಳಿಜಾರು ಮೊದಲಾಗುವ ಮುನ್ನವೇ ವೇಗವನ್ನು ತಗ್ಗಿಸಿಕೊಂಡು, ಸೀಟಿನ ಮೇಲೆ ಸ್ವಲ್ಪ ಹಿಂದಕ್ಕೆ ಕುಳಿತು, ಎರಡೂ ಬ್ರೇಕುಗಳನ್ನು ಹಿಡಿದು ಬಿಟ್ಟು ಹಿಡಿದು ಇಳಿದರೆ ಬೆರಳುಗಳಿಗೆ ಉಸಿರು ದೊರೆಯುತ್ತದೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಿಂದ ಸೈಕಲ್ ನಡೆಸುವ ರೂಢಿಯೂ ಇದೆ. ಒದ್ದೆ ಬ್ರೇಕಿಗೆ ಬಲ ಹೆಚ್ಚು ಬೇಕು, ನೀರು ತುಂಬಿದ ಹೊಂಡ ಕಣ್ಣಿಗೆ ಕಾಣದು, ಎಲ್ಲ ಭಾರವೂ ಒಂದೇ ಕೈಗೆ. ಕೊಡೆಗಿಂತ ಮಳೆಯಂಗಿ ಒಳ್ಳೆಯದು. ಇಷ್ಟೆಲ್ಲ ಮಾಡಿಯೂ ಜೋಮು ದಿನಗಟ್ಟಲೆ ಬಿಡದಿದ್ದರೆ, ಅಥವಾ ಬೆರಳುಗಳ ಬಲ ಕುಂದಿದರೆ, ವೈದ್ಯರಿಗೆ ತೋರಿಸುವುದರಲ್ಲಿ ತಡಮಾಡಬಾರದು. ನರಕ್ಕೆ ಬಹುಕಾಲ ಒತ್ತಡ ಬಿದ್ದರೆ ಅದು ಮರಳಿ ಸರಿಯಾಗುವುದು ನಿಧಾನ. ಪರೀಕ್ಷೆ ಬರೆಯಬೇಕಾದ ಕೈ, ನಾಳೆ ಸಂಸಾರವನ್ನು ಸಾಕಬೇಕಾದ ಕೈ ಅದು.

ಪಶ್ಚಿಮ ಬಂಗಾಳದ ಸಾಹಗಂಜಿನಲ್ಲಿ ೧೯೩೬ರಲ್ಲಿ ಡನ್ಲಪ್ ಕಂಪೆನಿಯ ಕಾರ್ಖಾನೆ ಆರಂಭವಾಯಿತು. ಕಾಲಾಂತರದಲ್ಲಿ ಅದು ಕೈ ಬದಲಾಗಿ, ಕೊನೆಗೆ ಬಾಗಿಲು ಮುಚ್ಚಿತು. ಕಂಪೆನಿಗಳು ಹುಟ್ಟುತ್ತವೆ, ಅಳಿಯುತ್ತವೆ. ಆದರೆ ಪಶುವೈದ್ಯನೊಬ್ಬನು ಅಂಗಳದಲ್ಲಿ ಎರಡು ಗಾಲಿಗಳನ್ನು ಉರುಳಿಸಿ ನೋಡಿದನಲ್ಲ, ಆ ನೋಟ ಅಳಿಯತಕ್ಕದ್ದಲ್ಲ. ಮಾತು ಬಾರದ ಪ್ರಾಣಿಗಳ ನೋವನ್ನು ಹುಡುಕಿ ತಿಳಿಯುವುದು ಆತನ ವೃತ್ತಿಯಾಗಿದ್ದಿತು. ಎಲ್ಲರೂ ತಾಳಿಕೊಂಡಿದ್ದ ಒಂದು ನೋವನ್ನು ಗಮನಿಸಿದುದು ಆ ವೃತ್ತಿಯ ಮುಂದುವರಿಕೆಯೇ. ನಮ್ಮ ತರಗತಿಯಲ್ಲಿ ಪಕ್ಕದವನು ಕೈ ಕೊಡವಿಕೊಳ್ಳುತ್ತಿದ್ದರೆ ನಗದೆ, ಅವನ ಸೈಕಲ್ಲಿನ ಸೀಟನ್ನೊಮ್ಮೆ ನೋಡೋಣ. ಅದನ್ನು ಸರಿಪಡಿಸಲು ಒಂದು ಸ್ಪ್ಯಾನರು, ಐದು ನಿಮಿಷ ಸಾಕು.